ಕಲ್ಯಾಣದ ಶರಣೆಯರ ವಚನಗಳೂ ಸ್ತ್ರೀದೃಷ್ಟಿಯ ವಿಮರ್ಶೆಯೂ

ಹುಮನಾಬಾದಿನಲ್ಲಿ ವೀರಭದ್ರೇಶ್ವರನ ದರ್ಶನವನ್ನು ತೀರಿಸಿಕೊಂಡು, ಸೊಲ್ಲಾಪುರದ ಹೆದ್ದಾರಿಯನ್ನು ಹಿಡಿದು ಪಶ್ಚಿಮಕ್ಕೆ ಸಾಗಿ, ನಡುವೆ ಬಲಕ್ಕೆ ಹೊರಳಿದರೆ ಬಸವಕಲ್ಯಾಣವು ಬರುವುದು. ಶ್ರೀಮಠದ ಸದ್ಭಕ್ತರಲ್ಲಿ ಈ ದಾರಿಯನ್ನು ತುಳಿಯದವರು ವಿರಳ. ತ್ರಿಪುರಾಂತಕನ ಕೆರೆ, ಪ್ರಭುದೇವರ ಗದ್ದುಗೆ, ಪರುಷಕಟ್ಟೆ, ಅಕ್ಕನಾಗಮ್ಮನ ಗವಿ ಇವುಗಳನ್ನು ಕಂಡು ಹಣೆಮಣಿದು ಬರುವುದು ನಮ್ಮ ಕಡೆಯ ವಾಡಿಕೆಯಾಗಿದೆ. ಆ ಗವಿಯ ಮುಂದೆ ನಿಂತವರನ್ನು, ಈ ತಾಯಿಯು ಯಾರೆಂದು ಕೇಳಿ ನೋಡಬೇಕು. ಬಸವಣ್ಣನವರ ಅಕ್ಕನೆಂದೂ, ಚೆನ್ನಬಸವಣ್ಣನವರ ತಾಯಿಯೆಂದೂ ಎಲ್ಲರೂ ಒಂದೇ ಉಸಿರಿಗೆ ಹೇಳುವರು. ‘ಬಸವಣ್ಣಪ್ರಿಯ ಚೆನ್ನಸಂಗಯ್ಯ’ ಎಂಬ ತನ್ನದೇ ಅಂಕಿತವಿಟ್ಟು ವಚನಗಳನ್ನು ರಚಿಸಿದವಳೆಂದು ಹೇಳುವವರು ಎಷ್ಟು ಮಂದಿ? ಶರಣೆಯನ್ನು ಒಬ್ಬರ ಅಕ್ಕನಾಗಿ, ಒಬ್ಬರ ತಾಯಿಯಾಗಿ, ಒಬ್ಬರ ಪುಣ್ಯಸ್ತ್ರೀಯಾಗಿ ನೆನೆಯುವುದು ನಮಗೆ ಸುಲಭವಾಗಿರುವುದು. ನುಡಿದವಳಾಗಿ ನೆನೆಯುವುದು ಕಠಿಣವಾಗಿರುವುದು. ಇದೇಕೆ ಹೀಗೆಂಬ ಪ್ರಶ್ನೆಯನ್ನು ಹಿಡಿದು ಹೊರಟ ಒಂದು ವಿಮರ್ಶಾಮಾರ್ಗವು ಈಚಿನ ಕಾಲದಲ್ಲಿ ಬೆಳೆದು ಬಂದಿದೆ. ಅದನ್ನು ಸ್ತ್ರೀವಾದಿ ಸಾಹಿತ್ಯ ವಿಮರ್ಶೆಯೆಂದು ಕರೆಯುವರು. ಆ ಮಾರ್ಗದ ಪರಿಚಯವನ್ನು, ನಮಗೆ ಅತಿ ಸಮೀಪದ ಶರಣೆಯರ ವಚನಗಳ ಮೂಲಕವೇ ಮಾಡಿಕೊಡುವುದು ಈ ಲೇಖನದ ಉದ್ದೇಶವು.

ಆಂಗ್ಲ ಲೇಖಕಿ ವರ್ಜೀನಿಯಾ ವುಲ್ಫ್ ಎಂಬವಳು ೧೯೨೮ರಲ್ಲಿ ಕೇಂಬ್ರಿಜ್ಜಿನ ಹೆಣ್ಣುಮಕ್ಕಳ ಎರಡು ಕಾಲೇಜುಗಳಲ್ಲಿ ಉಪನ್ಯಾಸಗಳನ್ನು ಕೊಟ್ಟು, ೧೯೨೯ರಲ್ಲಿ ಅವನ್ನು ಪುಸ್ತಕರೂಪಕ್ಕೆ ತಂದಳು. ಹೆಂಗಸು ಗ್ರಂಥ ಬರೆಯಬೇಕಾದರೆ ಅವಳಿಗೆ ವರ್ಷಕ್ಕೆ ೫೦೦ ಪೌಂಡುಗಳ ಸ್ವಂತ ವರಮಾನವೂ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆಯೂ ಬೇಕೆಂಬುದು ಅವಳ ವಾದದ ಸಾರ. ಮುಂದೆ ೧೯೪೯ರಲ್ಲಿ ಫ್ರಾನ್ಸಿನ ಸಿಮೊನ್ ದ ಬೋವಾ, ಲೋಕವು ಪುರುಷನನ್ನೇ ಮನುಷ್ಯನೆಂದು ಎಣಿಸಿ ಸ್ತ್ರೀಯನ್ನು ಎರಡನೆಯವಳಾಗಿ ಮಾಡಿರುವ ಬಗೆಯನ್ನು ವಿಸ್ತಾರವಾಗಿ ಬರೆದಳು. ೧೯೭೦ರಲ್ಲಿ ಅಮೆರಿಕೆಯ ಕೇಟ್ ಮಿಲೆಟ್, ಹೆಸರಾಂತ ಪುರುಷ ಲೇಖಕರ ಕೃತಿಗಳಲ್ಲಿ ಹೆಣ್ಣಿನ ಚಿತ್ರವು ಹೇಗೆ ಬಂದಿದೆಯೆಂದು ಪರೀಕ್ಷಿಸಿದಳು. ಎಲೇನ್ ಶೋವಾಲ್ಟರ್ ಎಂಬವಳು ಅದಷ್ಟೇ ಸಾಲದೆಂದು, ಸ್ತ್ರೀಯರು ತಾವೇ ಬರೆದುದನ್ನು ಹುಡುಕಿ ಅದರ ಪರಂಪರೆಯನ್ನು ಕಟ್ಟಬೇಕೆಂದು ೧೯೭೭ರ ತನ್ನ ಗ್ರಂಥದಲ್ಲಿ ತೋರಿಸಿದಳು. ನಮ್ಮ ನಾಡಿನಲ್ಲಿ ಮೈಸೂರಿನ ‘ಸಮತಾ’ ವೇದಿಕೆಯ ಮುಂದಾಳಾಗಿದ್ದ ವಿಜಯಾ ದಬ್ಬೆಯವರು, ಬಿ. ಎನ್. ಸುಮಿತ್ರಾಬಾಯಿಯವರು, ಬೋವಾಳ ಗ್ರಂಥವನ್ನು ಕನ್ನಡಕ್ಕೆ ತಂದ ಎಚ್. ಎಸ್. ಶ್ರೀಮತಿಯವರು, ಎಂ. ಎಸ್. ಆಶಾದೇವಿಯವರು ಮೊದಲಾದವರು ಈ ವಿಚಾರವನ್ನು ಕನ್ನಡದ್ದಾಗಿ ಮಾಡಿದರು. ಹೈದರಾಬಾದಿನಲ್ಲಿದ್ದು ಸೂಸಿ ತಾರು ಮತ್ತು ಕೆ. ಲಲಿತಾ ಎಂಬವರು ೧೯೯೧ರಲ್ಲಿಯೂ ೧೯೯೩ರಲ್ಲಿಯೂ ಹೊರತಂದ ಎರಡು ಸಂಪುಟಗಳಲ್ಲಿ ಭಾರತದ ಹಲವು ಭಾಷೆಗಳ ಲೇಖಕಿಯರಿಗೆ ಎಡೆ ದೊರೆಯಿತು. ಅಕ್ಕಮಹಾದೇವಿಯಂತೆ ಸೂಳೆ ಸಂಕವ್ವೆಯೂ ಅಲ್ಲಿದ್ದಾಳೆ.

ಇದೆಲ್ಲವೂ ಪಶ್ಚಿಮದ ಸರಕು, ಭಕ್ತಿಯ ವಾಙ್ಮಯಕ್ಕೆ ಇದರ ಅಳತೆಗೋಲು ಹೊಂದದೆಂದು ಕೆಲವರು ಆಕ್ಷೇಪಿಸುವುದುಂಟು. ಆಕ್ಷೇಪವು ಅಲಕ್ಷ್ಯ ಮಾಡತಕ್ಕದ್ದಲ್ಲ. ಆದರೆ ಮೈಯ ಗುರುತಾಗಲಿ ಉಡುಗೆಯ ಗುರುತಾಗಲಿ ಹೆಣ್ಣುಗಂಡೆಂಬುದಕ್ಕೆ ಪ್ರಮಾಣವಾಗದು, ಅದು ಲೋಕದ ರೂಢಿಯಷ್ಟೇ ಎಂಬ ಅಭಿಪ್ರಾಯವನ್ನು ‘ಶಂಭುಜಕ್ಕೇಶ್ವರ’ ಅಂಕಿತದ ಸತ್ಯಕ್ಕನು ಪ್ಯಾರಿಸ್ಸಿನ ಗ್ರಂಥಕ್ಕೆ ಶತಮಾನಗಳ ಮೊದಲೇ ನುಡಿದಿದ್ದಾಳೆ. ಪುರುಷನಿಗೆ ಸ್ತ್ರೀಯೆಂಬ ಅಭಿಮಾನವು ಮಾಯೆಯಾಗಿ ಕಾಡುವಂತೆ, ಸ್ತ್ರೀಗೆ ಪುರುಷನೆಂಬ ಅಭಿಮಾನವು ಮಾಯೆಯಾಗಿ ಕಾಡುವುದೆಂದು ಅಕ್ಕಮಹಾದೇವಿಯು ಹೇಳಿದ್ದಾಳೆ. ಹೆಣ್ಣೇ ಮಾಯೆಯೆಂದು ಸಾರಿದ ಗ್ರಂಥಗಳು ನಮ್ಮ ದೇಶದಲ್ಲಿ ಸಾವಿರವಿರಬಹುದು. ಆ ತಕ್ಕಡಿಯ ಇನ್ನೊಂದು ತಟ್ಟೆಯನ್ನು ಎತ್ತಿ ತೋರಿಸಿದವಳು ಅಕ್ಕ. ಪ್ರಶ್ನೆಯು ನಮ್ಮ ಮನೆಯದೇ ಆಗಿರಲು, ಅದನ್ನು ಕೇಳುವ ಕ್ರಮವನ್ನು ಪರರಿಂದ ಕಲಿಯುವುದರಲ್ಲಿ ನಾಚಿಕೆಯೇನೂ ಇಲ್ಲ.

ಇಲ್ಲಿ ಕಲ್ಯಾಣಪಟ್ಟಣದ ಇತಿಹಾಸದ ಒಂದು ಸಂಗತಿಯನ್ನು ವಾಚಕರ ಲಕ್ಷ್ಯಕ್ಕೆ ತರಬೇಕಾಗಿದೆ. ೧೧ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನ ಕಾಲದಿಂದ ಚಾಲುಕ್ಯರ ರಾಜಧಾನಿಯಾದ ಈ ಊರಿನಲ್ಲಿ, ಆರನೆಯ ವಿಕ್ರಮಾದಿತ್ಯನು ಆಳುತ್ತಿದ್ದಾಗ (೧೦೭೬–೧೧೨೬) ವಿಜ್ಞಾನೇಶ್ವರನೆಂಬ ಪಂಡಿತನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ಬರೆದನು. ಗ್ರಂಥದ ಕೊನೆಯಲ್ಲಿ ಅವನು ಕಲ್ಯಾಣವನ್ನೂ ತನ್ನ ಅರಸನನ್ನೂ ಬಾಯ್ತುಂಬ ಹೊಗಳಿದ್ದಾನೆ. ಹಿಂದೂ ಕುಟುಂಬದ ಆಸ್ತಿ, ದಾಯಭಾಗ, ಸ್ತ್ರೀಧನ ಮೊದಲಾದ ವಿಷಯಗಳಲ್ಲಿ ಈ ಗ್ರಂಥವು ಭರತಖಂಡದ ಬಹುಭಾಗಕ್ಕೆ ಶತಮಾನಗಳವರೆಗೆ ಪ್ರಮಾಣವಾಗಿತ್ತು. ವಿಜ್ಞಾನೇಶ್ವರನು ಸ್ತ್ರೀಯ ವೈರಿಯೆಂದು ಹೇಳಲಾಗದು. ಸ್ತ್ರೀಧನವೆಂಬ ಪದಕ್ಕೆ ಅವನು ಬಹು ವಿಶಾಲವಾದ ಅರ್ಥವನ್ನು ಕೊಟ್ಟನು. ದಾಯವಾಗಿ ಬಂದುದೂ ಕ್ರಯಕ್ಕೆ ಕೊಂಡುದೂ ಅದರಲ್ಲಿ ಸೇರುವುದೆಂದನು. ಅದನ್ನು ಸಂಕೋಚಗೊಳಿಸಿದವರು ಬ್ರಿಟಿಷ್ ಆಳಿಕೆಯ ನ್ಯಾಯಾಧೀಶರು. ಆದರೂ ಆ ಗ್ರಂಥದಲ್ಲಿ ಹೆಣ್ಣು ಪ್ರಥಮಪುರುಷದವಳು, ‘ಅವಳು’. ಅವಳಿಗೆ ಏನು ಸಲ್ಲುವುದು, ಏನು ಸಲ್ಲದು ಎಂಬುದನ್ನು ಇತರರು ಗೊತ್ತುಮಾಡುವರು. ಅದೇ ಪಟ್ಟಣದಲ್ಲಿ, ಕಲಚುರಿ ಬಿಜ್ಜಳನ ಕಾಲದಲ್ಲಿ, ಅಂದರೆ ಮಿತಾಕ್ಷರೆಯ ಬಳಿಕ ಎರಡು ತಲೆಮಾರು ಕಳೆಯುವುದರೊಳಗೆ, ಹೆಣ್ಣು ‘ನಾನು’ ಎಂದು ನುಡಿಯತೊಡಗಿದಳು. ಕನ್ನಡದಲ್ಲಿ ಅದಕ್ಕೆ ಹಿಂದೆ ಕಂತಿಯ ಹೆಸರು ಕೇಳಿಬರುವುದಾದರೂ ಅದು ಹಂಪನೊಡನೆ ಹೆಣೆದ ಸಮಸ್ಯೆಗಳ ಕಥೆಯಷ್ಟೇ ಆಗಿದೆ. ಶರಣೆಯರಾದರೋ ಮೂವತ್ತಕ್ಕಿಂತ ಹೆಚ್ಚು ಮಂದಿ. ಒಂದೇ ಚಳವಳಿಯೊಳಗೆ ಇಷ್ಟು ಜನ ಸ್ತ್ರೀಯರು ತಮ್ಮ ಅಂಕಿತವಿಟ್ಟು ರಚನೆ ಮಾಡಿದ ಉದಾಹರಣೆಯು ಪ್ರಾಚೀನ ವಾಙ್ಮಯಗಳಲ್ಲಿ ಅತಿ ವಿರಳ.

ಇದು ಹೇಗೆ ಸಾಧ್ಯವಾಯಿತು? ವುಲ್ಫಳು ಕೇಳಿದ ವರಮಾನವನ್ನೂ ಕೋಣೆಯನ್ನೂ ಇಲ್ಲಿ ನೆನೆಯಬಹುದು. ಕದಿರ ರೆಮ್ಮವ್ವೆ ನೂಲುವವಳು, ಕೊಟ್ಟಣದ ಸೋಮವ್ವೆ ಭತ್ತ ಕುಟ್ಟುವವಳು, ಗೊಗ್ಗವ್ವೆ ಧೂಪದ ಕಾಯಕದವಳು. ಕೈಯ ದುಡಿಮೆಯು ಕಾಯಕವೆಂದು ಗೌರವ ಪಡೆದೊಡನೆ ದುಡಿಯುವ ಹೆಂಗಸಿಗೂ ಆ ಗೌರವದ ಪಾಲು ಬಂದಿತು. ಕೋಣೆಯು ಅವರಿಗೆ ಇರಲಿಲ್ಲ. ಅನುಭವಮಂಟಪವೆಂದು ಪರಂಪರೆಯು ಕರೆಯುವ ಗೋಷ್ಠಿಯಲ್ಲಿ ಎಡೆಯಿತ್ತು. ಒಬ್ಬಂಟಿಯಾಗಿ ಬರೆಯಲು ಕೋಣೆ ಬೇಕು. ನುಡಿಯಲು ಕೇಳುವವರು ಬೇಕು. ವಚನವು ನುಡಿಯಾದುದರಿಂದ ರೆಮ್ಮವ್ವೆಗೆ ರಾಟೆಯ ಮುಂದಿನ ಸ್ಥಳವೇ ಸಾಕಾಯಿತು. ಅವಳು ತನ್ನ ರಾಟೆಯ ಕುಲಜಾತಿಯನ್ನು ಹೇಳುವೆನೆಂದು ಆರಂಭಿಸಿ, ಅದರ ಒಂದೊಂದು ಅಂಗದಲ್ಲಿ ಒಬ್ಬೊಬ್ಬ ದೇವರನ್ನು ಕೂಡಿಸಿದ್ದಾಳೆ. ಜಾತಿಯನ್ನು ಕೇಳುವ ಲೋಕಕ್ಕೆ ರಾಟೆಯ ಜಾತಿಯನ್ನು ಹೇಳುವ ಈ ಚಾತುರ್ಯವನ್ನು ಬರಿಯ ಬೆಡಗೆಂದು ತಳ್ಳಿಬಿಡುವುದು ಸರಿಯಲ್ಲ.

ಇನ್ನು ಅಂಕಿತಗಳ ವಿಚಾರ. ತಾಡವೋಲೆಗಳನ್ನು ಪ್ರತಿಮಾಡಿದವರು ಶರಣೆಯರ ವಚನಗಳಿಗೆ ಬರೆದ ತಲೆಬರಹಗಳನ್ನು ನೋಡಿದರೆ, ‘ಇಂಥವರ ಪುಣ್ಯಸ್ತ್ರೀ’ ಎಂಬ ಮಾತು ಮೇಲಿಂದ ಮೇಲೆ ಬರುವುದು: ಉರಿಲಿಂಗಪೆದ್ದಿಗಳ ಪುಣ್ಯಸ್ತ್ರೀ ಕಾಳವ್ವೆ, ದಸರಯ್ಯಗಳ ಪುಣ್ಯಸ್ತ್ರೀ ವೀರಮ್ಮ, ಎಡೆಮಠದ ನಾಗಿದೇವಯ್ಯಗಳ ಪುಣ್ಯಸ್ತ್ರೀ ಮಸಣಮ್ಮ, ಹೀಗೆ. ಗಂಡನ ವಚನಗಳಿಗೆ ‘ಇಂಥವಳ ಪುಣ್ಯಪುರುಷ’ ಎಂಬ ತಲೆಬರಹವನ್ನು ಯಾವ ಲಿಪಿಕಾರನೂ ಬರೆಯಲಿಲ್ಲ. ತಲೆಬರಹವು ಲಿಪಿಕಾರನದು, ಅಂಕಿತವು ಶರಣೆಯದು; ಈ ಭೇದವನ್ನು ಗಮನಿಸತಕ್ಕದ್ದು. ಶರಣೆಯರು ತಾವೇ ಇಟ್ಟುಕೊಂಡ ಅಂಕಿತಗಳಾದರೂ ಹೇಗಿವೆ? ಆಯ್ದಕ್ಕಿ ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮಲೇಶ್ವರಲಿಂಗ’. ಹಡಪದ ಅಪ್ಪಣ್ಣನ ಸತಿ ಲಿಂಗಮ್ಮನದು ‘ಅಪ್ಪಣ್ಣಪ್ರಿಯ ಚೆನ್ನಬಸವಣ್ಣ’. ಮೋಳಿಗೆಯ ಮಹಾದೇವಿಯದು ‘ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕಮಲ್ಲಿಕಾರ್ಜುನ’. ದೇವರನ್ನು ಕರೆಯುವಾಗಲೂ ಗಂಡನಿಗೆ ಪ್ರಿಯನಾದವನೆಂದೇ ಕರೆದಿದ್ದಾರೆ. ಅವಸರದ ವಿಮರ್ಶಕನು ಇಲ್ಲಿಯೇ ನಿಂತು, ಶರಣೆಯರು ದೇವರ ಬಾಗಿಲಿಗೂ ಗಂಡನ ಹಿಂದೆಯೇ ಹೋದರೆಂದು ತೀರ್ಪು ಕೊಟ್ಟಾನು.

ಆದರೆ ಎರಡು ಸಂಗತಿಗಳು ಆ ತೀರ್ಪಿಗೆ ಅಡ್ಡಬರುವುವು. ‘ಪ್ರಿಯ’ವೆಂಬುದು ಹೆಂಡತಿಯರ ಸೊತ್ತಲ್ಲ. ಹಡಪದ ಅಪ್ಪಣ್ಣನವರ ಅಂಕಿತವೇ ‘ಬಸವಪ್ರಿಯ ಕೂಡಲಚೆನ್ನಬಸವಣ್ಣ’ ಎಂದಿರುವುದು. ಅಕ್ಕನಾಗಮ್ಮನ ಅಂಕಿತದಲ್ಲಿರುವವನು ಗಂಡನಲ್ಲ, ಒಡಹುಟ್ಟಿದವನು. ಆದುದರಿಂದ ಪ್ರಿಯಾಂಕಿತವು ಶರಣರ ನಡುವಣ ಒಲುಮೆಯ, ಋಣದ ಗುರುತೂ ಆಗಿತ್ತು. ಇನ್ನೊಂದು ಸಂಗತಿಯು ಇದಕ್ಕಿಂತ ಮುಖ್ಯವಾದುದು. ಅಂಕಿತದಲ್ಲಿ ಗಂಡನ ಹೆಸರಿದ್ದರೂ, ವಚನದ ಒಡಲಿನಲ್ಲಿ ಗಂಡನು ಕೇಳುವವನು, ಹೆಂಡತಿಯು ಹೇಳುವವಳು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಇದು ನಮ್ಮ ಅಳತೆಯದಲ್ಲ, ಆಸೆಯದೆಂದು ಹಿಂದಕ್ಕೆ ಕಳುಹಿದವಳು ಲಕ್ಕಮ್ಮ. ಕೈಲಾಸವನ್ನು ಬಯಸಿದ ಮೋಳಿಗೆಯ ಮಾರಯ್ಯನಿಗೆ, ಕೈಲಾಸವು ಬೇರೊಂದು ಎಡೆಯಲ್ಲಿದೆಯೇ ಎಂದು ಕೇಳಿ ಅರಿವನ್ನು ಕೊಟ್ಟವಳು ಮಹಾದೇವಿ. ಸಹಿಯಲ್ಲಿ ಸತಿ, ನುಡಿಯಲ್ಲಿ ಗುರು. ಈ ಎರಡರ ನಡುವಣ ಎಳೆದಾಟವನ್ನು ಕಾಣುವುದೇ ಸ್ತ್ರೀದೃಷ್ಟಿಯ ಓದಿನ ಫಲವು. ನಮ್ಮ ಪ್ರವಚನಗಳಲ್ಲಿ ಲಕ್ಕಮ್ಮನನ್ನು ಪತಿಗೆ ತಕ್ಕ ಸತಿಯೆಂದು ಬಣ್ಣಿಸುವುದು ವಾಡಿಕೆ. ಅವಳ ಸುಮಾರು ಇಪ್ಪತ್ತೈದು ವಚನಗಳನ್ನು ಮುಂದಿಟ್ಟುಕೊಂಡು ಓದಿದವನಿಗೆ, ಸತಿಗೆ ತಕ್ಕವನಾಗಲು ಹೆಣಗಿದವನು ಮಾರಯ್ಯನೆಂದೇ ತೋರುವುದು.

ಅಂಕಿತದಲ್ಲಿ ಯಾವ ಗಂಡಸಿನ ಆಸರೆಯನ್ನೂ ತಾರದವರೂ ಇದ್ದಾರೆ. ಗೊಗ್ಗವ್ವೆಯ ‘ನಾಸ್ತಿನಾಥ’, ಬೊಂತಾದೇವಿಯ ‘ಬಿಡಾಡಿ’, ಸಂಕವ್ವೆಯ ‘ನಿರ್ಲಜ್ಜೇಶ್ವರ’ ಈ ಹೆಸರುಗಳನ್ನು ಉಚ್ಚರಿಸಿ ನೋಡಿರಿ. ಹೆಂಗಸಿಗೆ ಬೈಗಳಾಗಿ ಬಳಸುವ ಬಿಡಾಡಿ, ನಿರ್ಲಜ್ಜೆ ಎಂಬ ಮಾತುಗಳು ಇಲ್ಲಿ ದೇವರ ಹೆಸರುಗಳಾಗಿವೆ! ಸಂಕವ್ವೆಯದು ಒಂದೇ ಒಂದು ವಚನವು ಉಳಿದಿದೆ. ಒಬ್ಬನಿಂದ ಒತ್ತೆಯನ್ನು ಹಿಡಿದ ಮೇಲೆ ಇನ್ನೊಬ್ಬನಿಂದ ಹಿಡಿಯಲಾಗದೆಂಬ ತನ್ನ ವೃತ್ತಿಯ ಕಟ್ಟುಪಾಡನ್ನೇ ಅವಳು ವ್ರತನಿಷ್ಠೆಯ ಮಾತಾಗಿ ಮಾಡಿದ್ದಾಳೆ. ಅವಳು ವೃತ್ತಿಯನ್ನು ಬಿಟ್ಟಳೋ ಇಲ್ಲವೋ ಎಂಬ ಚರ್ಚೆಯಲ್ಲಿ ಪುಟಗಳನ್ನು ತುಂಬುವುದಕ್ಕಿಂತ, ಸಮಾಜದ ಅಂಚಿನ ಹೆಂಗಸೊಬ್ಬಳ ಮಾತು ಅವಳ ಕೆಲಸದ ಹೆಸರಿನೊಡನೆಯೇ ಓಲೆಯೇರಿ ಉಳಿಯಿತೆಂಬುದನ್ನು ನೆನೆಯುವುದು ಹೆಚ್ಚು ಫಲಕಾರಿಯಾದೀತು.

ಅಕ್ಕಮಹಾದೇವಿಯ ವಿಷಯದಲ್ಲಿ ಕವಿಗಳ ಕೈವಾಡವು ಸ್ಪಷ್ಟವಾಗಿ ತೋರುವುದು. ಅವಳ ಕಾಲಕ್ಕೆ ಸಮೀಪದವನಾದ ಹರಿಹರನು ತನ್ನ ರಗಳೆಯಲ್ಲಿ, ಅವಳು ಷರತ್ತುಗಳನ್ನು ವಿಧಿಸಿ ಕೌಶಿಕನನ್ನು ಮದುವೆಯಾದಳು, ಅವನು ತಪ್ಪಿ ನಡೆದಾಗ ಬಿಟ್ಟು ಶ್ರೀಶೈಲಕ್ಕೆ ಹೊರಟಳು ಎಂದು ಹೇಳಿದ್ದಾನೆ. ೧೫ನೆಯ ಶತಮಾನದ ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಮದುವೆಯೇ ನಡೆಯದು. ನಡುವಣ ಶತಮಾನಗಳಲ್ಲಿ ಭಕ್ತರ ಮನಸ್ಸಿಗೆ, ಮದುವೆಯಾಗಿ ಹೊರಬಂದ ಹೆಣ್ಣಿಗಿಂತ ಕನ್ನಿಕೆಯೇ ಹೆಚ್ಚು ಪವಿತ್ರಳೆಂದು ತೋರಿರಬೇಕು. ನನ್ನ ಮಟ್ಟಿಗೆ ಹರಿಹರನ ಅಕ್ಕನೇ ದೊಡ್ಡವಳು. ಅರಮನೆಯ ಒಳಗನ್ನು ಕಂಡು, ಒಪ್ಪಂದ ಮುರಿದವನನ್ನು ಒಪ್ಪಂದದಂತೆಯೇ ಬಿಟ್ಟು ನಡೆದವಳ ಧೈರ್ಯವು ಸಾಮಾನ್ಯವಾದುದಲ್ಲ.

ಅಕ್ಕನು ಕಲ್ಯಾಣಕ್ಕೆ ಬಂದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ವಿಸ್ತಾರವಾಗಿದೆ. ಬಾಗಿಲಿಗೆ ಬಂದವಳನ್ನು ಅಲ್ಲಮಪ್ರಭುಗಳು ಕೇಳುವುದು ಅವಳ ಪತಿಯ ಕುರುಹನ್ನು. ಅದನ್ನು ಹೇಳಿದರೆ ಕುಳ್ಳಿರಬಹುದು, ಇಲ್ಲವಾದರೆ ಹಿಂದಿರುಗಬೇಕು. ಪ್ರಶ್ನೆಗೆ ಯೋಗದ ಅರ್ಥವುಂಟೆಂಬುದೂ, ಪ್ರಭುಗಳು ಅವಳ ಮಹಿಮೆಯನ್ನು ಸಭೆಗೆ ತೋರಿಸಲೆಂದೇ ಕೇಳಿದರೆಂಬುದೂ ಒಪ್ಪತಕ್ಕ ಮಾತೇ. ಆದರೂ ಬಂದ ಗಂಡಸರನ್ನು ಯಾರೂ ನಿಮ್ಮ ಸತಿಯ ಕುರುಹೇನೆಂದು ಕೇಳಲಿಲ್ಲ. ಬಟ್ಟೆಯನ್ನು ತೊರೆದವಳು ಕೂದಲನ್ನೇಕೆ ಹೊದ್ದೆಯೆಂದು ಕೇಳಿದಾಗ ಅಕ್ಕನು ಕೊಟ್ಟ ಉತ್ತರದ ತಾತ್ಪರ್ಯವಿಷ್ಟು: ಕಾಣುವ ನಿಮಗೆ ನೋವಾದೀತೆಂದು ಮುಚ್ಚಿದೆ. ಕೊರತೆಯು ಕಾಣಿಸಿಕೊಳ್ಳುವ ಮೈಯಲ್ಲಿಲ್ಲ, ಕಾಣುವ ಕಣ್ಣಿನಲ್ಲಿದೆ ಎಂದು ಆ ಮಹಾಸಭೆಯ ಎದುರಿಗೇ ಅವಳು ತಿಳಿಸಿದಳು. ಆ ಉತ್ತರವನ್ನು ಅಳಿಸದೆ ಕಾಪಾಡಿದವರು ವಿರಕ್ತರಾದ ಪುರುಷ ಸಂಕಲನಕಾರರೇ ಎಂಬುದನ್ನೂ ಮರೆಯಲಾಗದು.

ಶರಣಸತಿ ಲಿಂಗಪತಿಯೆಂಬ ಭಾವವನ್ನು ಕುರಿತು ಇಲ್ಲಿಯೇ ಹೇಳಿಬಿಡುವೆನು. ಉರಿಲಿಂಗದೇವರಂತಹ ಪುರುಷರೂ ತಮ್ಮನ್ನು ಸತಿಯೆಂದು ಭಾವಿಸಿ ವಚನಗಳನ್ನು ನುಡಿದಿರಲಾಗಿ, ಅಕ್ಕನ ವಚನದಲ್ಲಿ ಹೆಣ್ತನದ ವಿಶೇಷವೇನು ಎಂದು ಕೇಳುವವರುಂಟು. ಪುರುಷನು ಸತಿಯಾದಾಗ ಅವನು ಬಿಡುವುದು ತನ್ನ ಹಿರಿಮೆಯನ್ನು. ಗೋಷ್ಠಿ ಮುಗಿದ ಮೇಲೆ ಆ ಹಿರಿಮೆಯು ಮನೆಯ ಬಾಗಿಲಿನಲ್ಲಿ ಅವನಿಗಾಗಿ ಕಾದಿರುವುದು. ಅಕ್ಕನು ಚೆನ್ನಮಲ್ಲಿಕಾರ್ಜುನನನ್ನು ಗಂಡನೆಂದಾಗ, ಲೋಕದ ಗಂಡನೊಬ್ಬನು ನಿಜವಾಗಿಯೂ ಹೊರಗಾಗುತ್ತಾನೆ; ಮನೆ, ಊರು, ಆಸರೆ ಎಲ್ಲವೂ ಹೋಗುತ್ತವೆ. ಮಾತು ಒಂದೇ ಆದರೂ ತೆತ್ತ ಬೆಲೆ ಬೇರೆ.

ನೀಲಮ್ಮನವರ ವಚನಗಳು ಇನ್ನೊಂದು ಬಗೆಯ ಎಚ್ಚರವನ್ನು ಬೇಡುವುವು. ‘ಸಂಗಯ್ಯ’ ಅಂಕಿತದ ಇವರ ವಚನಗಳು ಸಂಖ್ಯೆಯಲ್ಲಿ ಅಕ್ಕನ ನಾಲ್ಕು ನೂರಕ್ಕೂ ಮಿಕ್ಕ ವಚನಗಳ ತರುವಾಯ ಬರತಕ್ಕವು. ಬಸವಣ್ಣನವರ ಅಗಲಿಕೆಯ ಬಳಿಕ ತನ್ನ ಹೆಣ್ಣುರೂಪವೇ ಕಳಚಿತೆಂಬ ಮಾತು ಅವುಗಳಲ್ಲಿ ಮರಳಿ ಮರಳಿ ಕೇಳಿಬರುವುದು. ಇದು ಬಿಡುಗಡೆಯೋ ದುಃಖವೋ ಎಂದು ಒಮ್ಮೆಗೆ ಹೇಳಲು ಬಾರದು, ಎರಡೂ ಅಹುದು. ಆದರೆ ವಚನಗಳ ದೊಡ್ಡ ಸಂಕಲನಗಳು ನಡೆದುದು ೧೫ನೆಯ ಶತಮಾನದ ಸುಮಾರಿಗೆ, ವಿಜಯನಗರದ ಪ್ರೌಢದೇವರಾಯನ ಕಾಲದಿಂದೀಚೆಗೆ. ಮೂರು ಶತಮಾನಗಳ ಬಾಯಿಮಾತು, ಪ್ರತಿಗಳು, ಸೇರ್ಪಡೆಗಳು ನಡುವೆ ಹಾಯ್ದಿವೆ. ಆದುದರಿಂದ ಸ್ತ್ರೀದೃಷ್ಟಿಯ ವಿಮರ್ಶಕಿಯು ಮೊದಲು ಗ್ರಂಥಸಂಪಾದನೆಯನ್ನು ಬಲ್ಲವಳಾಗಿರಬೇಕು. ಹೆಣ್ಣಿನ ಹೆಸರಿರುವುದೆಲ್ಲವನ್ನೂ ಹೆಣ್ಣಿನ ದನಿಯೆಂದು ನಂಬುವ ಉತ್ಸಾಹವು ಈ ಮಾರ್ಗದ ಕೆಲವು ಬರಹಗಳಲ್ಲಿ ಕಾಣುವುದು; ಅದರಿಂದ ಶರಣೆಯರಿಗೆ ಉಪಕಾರವಾಗದು.

ಕೃತಿಯು ಯಾರ ಕೈಗಳನ್ನು ಹಾಯ್ದು ಬಂದಿತೆಂಬುದು ಎಷ್ಟು ಮಹತ್ವದ್ದೆಂಬುದಕ್ಕೆ ನೆರೆಯ ತೆಲುಗಿನ ಒಂದು ದೃಷ್ಟಾಂತವನ್ನು ಕೊಡಬಹುದು. ೧೮ನೆಯ ಶತಮಾನದ ತಂಜಾವೂರಿನ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಕಾವ್ಯವು ಮೊದಲು ಅಚ್ಚಾದಾಗ, ಅವಳು ತನ್ನ ವಂಶವನ್ನು ತಾಯಿ-ಅಜ್ಜಿಯರ ಮೂಲಕ ಹೇಳಿಕೊಂಡ ಪೀಠಿಕೆಯೇ ಬಿಟ್ಟುಹೋಗಿತ್ತು. ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು ೧೯೧೦ರಲ್ಲಿ ಅದನ್ನು ಪೂರ್ಣವಾಗಿ ಅಚ್ಚುಮಾಡಿಸಿದರು. ೧೯೧೧ರಲ್ಲಿ ಸರಕಾರವು ಅಶ್ಲೀಲವೆಂದು ಅದಕ್ಕೆ ತಡೆ ಹಾಕಿತು. ನಮ್ಮ ಶರಣೆಯರ ಭಾಗ್ಯವು ಅದಕ್ಕಿಂತ ಮೇಲಾದುದು. ಫ. ಗು. ಹಳಕಟ್ಟಿಯವರು ೧೯೨೩ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದು, ೧೯೨೬ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿ, ವಚನಗಳನ್ನು ಓಲೆಗಳಿಂದ ಜನರ ಕೈಗೆ ತಲುಪಿಸಿದರು. ೧೯೯೩ರಲ್ಲಿ ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಂಪುಟಗಳು ಹದಿನೈದಾಗಿ ಬಂದಾಗ, ವೀರಣ್ಣ ರಾಜೂರರು ಸಂಪಾದಿಸಿದ ಐದನೆಯ ಸಂಪುಟವು ಶರಣೆಯರಿಗೇ ಮೀಸಲಾಯಿತು. ಒಂದೇ ವಚನದ ಸಂಕವ್ವೆಯೂ ನಾಲ್ಕು ನೂರರ ಅಕ್ಕನೂ ಒಂದೇ ರಟ್ಟಿನೊಳಗೆ ಕುಳಿತಿರುವುದನ್ನು ಅಲ್ಲಿ ಕಾಣಬಹುದು. ಸ್ತ್ರೀಯರನ್ನು ಹೀಗೆ ಬೇರೆಯಾಗಿ ಕೂಡಿಸುವುದರಿಂದ ಅವರು ಮುಖ್ಯಧಾರೆಯಿಂದ ಹೊರಗಾಗುವರೆಂದು ಕೆಲವರ ಮತ. ನನಗೆ ಆ ಭಯವಿಲ್ಲ. ಚದುರಿದ್ದಾಗ ಕಾಣದಿದ್ದ ದನಿಗಳು ಒಟ್ಟಾದಾಗ ಪರಂಪರೆಯಾಗಿ ಕೇಳಿದುವು.

ಆ ಪರಂಪರೆಯು ಕಲ್ಯಾಣದಲ್ಲಿ ಈಚಿನವರೆಗೂ ನಡೆದು ಬಂದಿದೆ. ಸೊಲ್ಲಾಪುರದಲ್ಲಿ ೧೯೧೨ರಲ್ಲಿ ಜನಿಸಿ, ವಚನಗಳನ್ನು ಮರಾಠಿಗೆ ತಿರುಗಿಸಿ, ೧೯೭೪ರ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದ ಮೊದಲ ಮಹಿಳೆಯೆನಿಸಿದ ಜಯದೇವಿತಾಯಿ ಲಿಗಾಡೆಯವರು ತಮ್ಮ ಬಾಳಿನ ಕೊನೆಯ ಕಾಲವನ್ನು ಬಸವಕಲ್ಯಾಣದಲ್ಲಿ ಕಳೆದು ೧೯೮೬ರಲ್ಲಿ ಲಿಂಗೈಕ್ಯರಾದರು. ಸಿದ್ಧರಾಮೇಶ್ವರರ ಪುರಾಣವನ್ನು ಬರೆಯಲು ಅವರು ಆರಿಸಿಕೊಂಡುದು ಪಂಡಿತರ ಷಟ್ಪದಿಯನ್ನಲ್ಲ, ತ್ರಿಪದಿಯನ್ನು. ಬೀಸುವ ಕಲ್ಲಿನ ಮುಂದೆ ಕುಳಿತು ನಮ್ಮ ತಾಯಂದಿರೂ ಅಜ್ಜಿಯರೂ ಹಾಡುತ್ತಿದ್ದುದು ಇದೇ ತ್ರಿಪದಿಯಲ್ಲಿ. ಆ ಪದಗಳಿಗೆ ಅಂಕಿತವೂ ಇಲ್ಲ, ತಲೆಬರಹವೂ ಇಲ್ಲ. ಹುಮನಾಬಾದು-ಕಲ್ಯಾಣಗಳ ಸುತ್ತಣ ಹಳ್ಳಿಗಳಲ್ಲಿ ಹಿಟ್ಟಿನ ಗಿರಣಿಗಳು ಬಂದ ಮೇಲೆ ಬೀಸುವ ಕಲ್ಲುಗಳು ಮೂಲೆ ಸೇರಿವೆ. ಪದ ಬಲ್ಲ ಮುದುಕಿಯರು ಇನ್ನೂ ಅಲ್ಲಲ್ಲಿ ಇದ್ದಾರೆ. ಶ್ರೀಮಠದ ಶಿಷ್ಯವರ್ಗದ ಮನೆಗಳಲ್ಲಿಯೇ ಅ೦ಥವರು ಇರಬಹುದು. ಹಾಡುವವಳ ಹೆಸರನ್ನೂ, ಅವಳು ಅದನ್ನು ಯಾರಿಂದ ಕಲಿತಳೆಂಬುದನ್ನೂ ಮೊದಲು ಬರೆದುಕೊಂಡು, ಬಳಿಕ ಪದವನ್ನು ಬರೆದುಕೊಳ್ಳತಕ್ಕದ್ದು.